ಪಾಲಿಶ್ ಸ್ಪಿರಿಟ್‌ನಲ್ಲಿ ನೆಂದ ಪುದೀನ

ಅತ್ತೆಯ ಕೆಮ್ಮು ಬಿಡುವ ಹಾಗೇ ಕಾಣಲಿಲ್ಲ. ಚಳಿಗೆ ಶುರುವಾದದ್ದು, ಚಳಿ ಮುಗಿದರೂ ಎದೆಯೊಳಗೇ ಬೀಡುಬಿಟ್ಟಿತ್ತು. ತೋರಿಸಿಕೊಂಡು ಬರೋಣ ಎಂದು ಸೊಸೆ ಅಂದರೆ, ಕೆಮ್ಮಿಗೆಲ್ಲ ಆಸ್ಪತ್ರೆಯಾ ಎಂದು ಮುಖ ತಿರುಗಿಸುತ್ತಿದ್ದರು.

ಅವರ ಮಗ ಮರದ ಸಾಮಾನಿಗೆ ಪಾಲಿಶ್ ಹಾಕುವವನು. ಆ ಕೆಲಸದಲ್ಲಿ ಎತ್ತಿದ ಕೈ. ಪಾಲಿಶ್‌ಗೆ ಬೇಕಾದ ಅರಗು ನೀರಿನಲ್ಲಿ ಎಷ್ಟು ನೆನೆಸಿದರೂ ಕರಗುವುದಿಲ್ಲ, ಸ್ಪಿರಿಟ್‌ಗೆ ಹಾಕಿದರೆ ಕರಗಿ ಜೇನಿನ ಬಣ್ಣಕ್ಕೆ ಬರುತ್ತದೆ ಎಂಬುದು ಅವನಿಗೆ ದಿನದ ಅನುಭವ. ಸೊಪ್ಪುಸದೆಯ ಸತ್ವವನ್ನೂ ಸ್ಪಿರಿಟ್‌ನಲ್ಲೇ ಇಳಿಸುತ್ತಾರೆ ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಅಷ್ಟೇ ಸಾಕಾಯಿತು. ಹಿತ್ತಲಿನ ಪುದೀನ, ಜಜ್ಜಿದ ಶುಂಠಿ ಸೀಸೆಗೆ ತುಂಬಿ, ತನ್ನ ಪಾಲಿಶ್ ಅಂಗಡಿಯ ಸ್ಪಿರಿಟ್ ಸುರಿದು, ಅಡುಗೆಮನೆಯ ಕಿಟಕಿಯಲ್ಲಿಟ್ಟ. ವಾರ ಕಳೆಯುವಷ್ಟರಲ್ಲಿ ಅದು ಪಚ್ಚೆಯ ಹಾಗೆ ಹೊಳೆಯುತ್ತಿತ್ತು.

ಮುಚ್ಚಳ ತೆಗೆದರೆ ಪುದೀನದ ಹಿಂದೆಯೇ ಇನ್ನೊಂದು ವಾಸನೆ ಬರುತ್ತಿತ್ತು. ಸಂಜೆ ಗಂಡನ ಅಂಗಿಯಲ್ಲಿ ಬರುವ ವಾಸನೆ. ಇದನ್ನು ಕುಡಿಯಬಹುದೇ ಎಂದು ಸೊಸೆ ಮೆಲ್ಲಗೆ ಕೇಳಿದಳು. ಸ್ಪಿರಿಟ್ ಅಂದರೆ ಸ್ಪಿರಿಟ್ಟೇ, ಅದರಲ್ಲೇನು ಎರಡು ಜಾತಿ ಎಂದುಬಿಟ್ಟ. ಮಾತು ಗಂಟಲವರೆಗೆ ಬಂದು ನಿಂತುಬಿಡುವುದು ಅವಳ ಹುಟ್ಟುಗುಣ. ಅಂದೂ ನಿಂತಿತು.

ಅವನು ಮೊದಲ ಚಮಚ ಕೊಡಲು ಹೊರಟ ಹೊತ್ತಿಗೆ, ಮನೆಮನೆಗೆ ಬರುವ ನರ್ಸಕ್ಕ ಬಾಗಿಲಲ್ಲಿ ನಿಂತಿದ್ದರು. ಅವನು ಸೀಸೆಯನ್ನು ಬೆಳಕಿಗೆ ಹಿಡಿದು ತೋರಿಸಿದ. ನರ್ಸಕ್ಕ ಮೆಚ್ಚಿದರು, ಆಮೇಲೆ ಯಾವುದರಲ್ಲಿ ನೆನೆಸಿದ್ದು ಎಂದು ಕೇಳಿದರು. ಔಷಧಿ ಮಾಡುವವರು ಬಳಸುವುದರಲ್ಲೇ ಎನ್ನುತ್ತಾ ಚಮಚ ತುಂಬಿದ. ಅತ್ತೆ ಬಾಯಿ ತೆರೆದರು.

ಸೊಸೆ ಗಂಡನ ಮಣಿಕಟ್ಟು ಹಿಡಿದುಕೊಂಡಳು.

"ಅಕ್ಕ, ಅದು ಅಂಗಡಿ ಡಬ್ಬದ್ದು. ಪಾಲಿಶಿಂದು."

ತನ್ನ ದನಿ ತನಗೇ ಬೇರೆಯವರದು ಅನಿಸಿತು. ಚಮಚ ತುಳುಕಿ ನೆಲದ ಮೇಲೆ ಹಸಿರು ಚೆಲ್ಲಿತು.

"ಅಣ್ಣ, ಔಷಧಿಯ ಸ್ಪಿರಿಟ್ ಬೇರೆ, ಇದು ಬೇರೆ" ಎಂದರು ನರ್ಸಕ್ಕ. "ಯಾರೂ ಕುಡೀಬಾರದು ಅಂತಾನೇ ಇದಕ್ಕೆ ವಿಷ ಬೆರೆಸಿರ್ತಾರೆ. ಕಣ್ಣು ಹೋಗುತ್ತೆ. ಜೀವಾನೂ ಹೋಗಬಹುದು."

ಅವನು ಅಷ್ಟಕ್ಕೇ ಬಗ್ಗುವವನಲ್ಲ. "ವಾರವೆಲ್ಲ ಪುದೀನ ನೆಂದಿದೆಯಲ್ಲಕ್ಕ. ವಿಷ ಗಿಷ ಇದ್ರೂ ಅದರಲ್ಲೇ ಸತ್ತಿರುತ್ತೆ."

"ಅರಗು ಕರಗಿದ ಮೇಲೆ ನಿಮ್ಮ ಸ್ಪಿರಿಟ್ ಎಲ್ಲಿಗಾದ್ರೂ ಹೋಗುತ್ತಾ?"

ಅವನಿಗೆ ಉತ್ತರ ಗೊತ್ತಿತ್ತು. ಮುಚ್ಚಳ ಬಿಗಿಯಾಗಿದ್ದರೆ ವರ್ಷವಾದರೂ ಅಲ್ಲೇ ಇರುತ್ತದೆ. ಕುದಿಸಿಬಿಟ್ಟರೆ ಎಂದು ಕೇಳಹೊರಟವನು, ಅಂಗಡಿಯಲ್ಲಿ ಬೆಂಕಿಕಡ್ಡಿ ಗೀರುವವರನ್ನು ಸ್ಪಿರಿಟ್‌ಗೆ ಬೆಂಕಿ ಹತ್ತೀತೆಂದು ತಾನೇ ಗದರಿಸುವುದು ನೆನಪಾಗಿ ಸೀಸೆಯ ಮುಚ್ಚಳ ಬಿಗಿಮಾಡಿದ.

ಅತ್ತೆ ಕೆಮ್ಮುತ್ತಲೇ ಮಗನನ್ನು ನೋಡಿದರು. "ನಾನೇನು ಹಳೇ ಕುರ್ಚಿಯೇನೋ, ನನಗೂ ಪಾಲಿಶ್ ಹಾಕೋಕೆ ಹೊರಟಿದ್ದೆ?"

ಮಗ ಬಟ್ಟೆ ತಂದು, ತಾಯಿಯ ಕಾಲ ಬಳಿ ಕೂತು ಚೆಲ್ಲಿದ್ದನ್ನು ಒರೆಸಿದ.

ಯಾರಾದರೂ ರುಚಿ ನೋಡಿದ್ದಾರೆಯೇ ಎಂದು ನರ್ಸಕ್ಕ ಮತ್ತೆ ಮತ್ತೆ ಕೇಳಿ, ಯಾರೂ ನೋಡಿಲ್ಲವೆಂದು ಖಾತ್ರಿ ಮಾಡಿಕೊಂಡರು. ಪುದೀನ, ಶುಂಠಿ ಕೆಟ್ಟವಲ್ಲ, ಅವುಗಳ ಸಾರ ಇಳಿಸಲು ಮನೆಯಲ್ಲಿ ಬಿಸಿನೀರೇ ಸಾಕು, ಆಗಾಗ ಹೊಸದಾಗಿ ಮಾಡಿ ಕುಡಿಯಿರಿ, ಅದರಿಂದ ಗಂಟಲಿಗೆ ಹಿತವಾಗುತ್ತದೆ ಎಂದರು. ಆದರೆ ಎರಡು ವಾರ ದಾಟಿದ ಕೆಮ್ಮು ಯಾಕೆ ಬಂತು ಎಂಬುದನ್ನು ಯಾವ ಸೊಪ್ಪೂ ಹೇಳುವುದಿಲ್ಲ, ಅದಕ್ಕೆ ಕಫದ ಪರೀಕ್ಷೆಯೇ ಆಗಬೇಕು ಎಂದೂ ಹೇಳಿದರು. ಅತ್ತೆ ಈ ಸಲ ಮುಖ ತಿರುಗಿಸಲಿಲ್ಲ.

ಪರೀಕ್ಷೆಯಲ್ಲಿ ಕ್ಷಯ ಗೊತ್ತಾಯಿತು. ಮನೆಯವರೆಲ್ಲರಿಗೂ ಪರೀಕ್ಷೆಯಾಯಿತು. ಅತ್ತೆಗೆ ಮಾತ್ರೆ ಶುರುವಾಯಿತು. ಈಗ ಮಾತ್ರೆಯನ್ನು ಸೊಸೆ ಕೊಡುತ್ತಾಳೆ, ಬಿಸಿ ಪುದೀನ ನೀರನ್ನು ಮಗ ತರುತ್ತಾನೆ.

ಆ ಸೀಸೆ, ಚಮಚ ಎರಡನ್ನೂ ಅವನು ಅಂಗಡಿಗೆ ಒಯ್ದ. ಅವು ಅಡುಗೆಮನೆಗೆ ಮರಳಿ ಬರಲಿಲ್ಲ. ಅಂಗಡಿಯ ಪ್ರತಿ ಡಬ್ಬದ ಮೇಲೂ ಕೆಂಪು ಬಣ್ಣದಲ್ಲಿ 'ಮರಕ್ಕೆ ಮಾತ್ರ' ಎಂದು ಬರೆದ. ಸಂಜೆ ಹೆಂಡತಿಯ ಪಕ್ಕ ಕೂತು, ಇನ್ನು ಮೇಲೆ ಅನುಮಾನ ಬಂದರೆ ಮೊದಲೇ ಹೇಳು ಎಂದ.

"ಹೇಳಿದ್ದೆ" ಎಂದಳು.

ಅವನು ಅವಳತ್ತ ತಿರುಗಿ ಕೂತ. "ನಾನು ಕೇಳಿಸಿಕೊಳ್ಳೋವರೆಗೂ ಹೇಳು."

ಇದನ್ನು ಓದುತ್ತಿರುವ ನಿಮ್ಮ ಮನೆಯ ಕಿಟಕಿಯಲ್ಲೂ ಇಂಥದೊಂದು ಸೀಸೆ ಇರಬಹುದು. ಅದರಲ್ಲಿ ಏನು ಹಾಕಿದ್ದೀರಿ ಎನ್ನುವಷ್ಟೇ, ಯಾವುದರಲ್ಲಿ ನೆನೆಸಿದ್ದೀರಿ ಎಂದೂ ಕೇಳಿಕೊಳ್ಳಿ. ಪಾಲಿಶ್, ಪೇಂಟ್, ದೀಪದ ಸ್ಪಿರಿಟ್ ಹೊಟ್ಟೆಗೆ ಸೇರಬಾರದು. ಸೇರಿದೆ ಅನಿಸಿದರೆ ತೊಂದರೆ ಕಾಣಿಸಲಿ ಎಂದು ಕಾಯಬೇಡಿ, ಸೀಸೆಯ ಸಮೇತ ಆಸ್ಪತ್ರೆಗೆ ಓಡಿ. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಮತ್ತೆ, ನಿಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವವರು ಯಾರಾದರೂ ಇದ್ದರೆ, ಒಂದು ಗಳಿಗೆ ಕೆಲಸ ನಿಲ್ಲಿಸಿ ಅವರ ಮಾತು ಕೇಳಿ.