ಅಕ್ಕನ ಮಂಡಿಯ ಅಳತೆ

ಮಂಡಿಯೊಳಗೆ ಎರಡು ಮೂಳೆ ಉಜ್ಜಿಕೊಳ್ಳದಂತೆ ಕಾಯುವ ಮೃದ್ವಸ್ಥಿ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಇದನ್ನು ಸಿಕ್ಕಸಿಕ್ಕವರಿಗೆಲ್ಲ ಸಾರುತ್ತಿದ್ದವನೇ ತಮ್ಮ. ಅದಕ್ಕೆಂದೇ ಅವನು ಯಂತ್ರ ಕಟ್ಟಿದ್ದು. ತೂಕದ ಹಲಗೆಯ ಮೇಲೆ ನಿಂತು ಒಂದು ಕಾಲಿಗೆ ಭಾರ ಬಿಟ್ಟರೆ ಮೃದ್ವಸ್ಥಿ ಅದುಮಿಕೊಂಡು ಚೂರೇ ಚೂರು ವಿದ್ಯುತ್ತು ಹುಟ್ಟುತ್ತದೆ. ಮಂಡಿಯ ಸುತ್ತ ಅಂಟಿಸಿದ ಪಟ್ಟಿಗಳು ಅದನ್ನು ಹಿಡಿಯುತ್ತವೆ. ಭಾರಕ್ಕೆ ತಕ್ಕಷ್ಟು ಬಂದರೆ ಮಂಡಿ ಗಟ್ಟಿ, ಬಾರದಿದ್ದರೆ ಸವೆದಿದೆ.

ತಕ್ಕಷ್ಟು ಎಂದರೆ ಎಷ್ಟು? ಅದಕ್ಕೊಂದು ಒಳ್ಳೆಯ ಮಂಡಿ ಬೇಕಿತ್ತು. ಊರೆಲ್ಲ ಹುಡುಕುವುದೇಕೆಂದು ಅಕ್ಕನನ್ನೇ ತಂದು ಹಲಗೆಯ ಮೇಲೆ ನಿಲ್ಲಿಸಿದ. ಅಕ್ಕ ಮಂಡಿನೋವು ಮಂಡಿನೋವು ಎಂದು ಗೊಣಗುತ್ತಿದ್ದುದು ನಿಜ. ಆದರೆ ಅವಳ ಎಕ್ಸ್‌ರೇ ಚೊಕ್ಕವಾಗಿತ್ತು. ಅವಳು ಕಡ್ಡಿಯನ್ನು ಗುಡ್ಡ ಮಾಡುವವಳೆಂದು ಮನೆಯಲ್ಲಿ ಯಾವತ್ತೋ ತೀರ್ಮಾನವಾಗಿತ್ತು. ಪರದೆಯ ಗೆರೆ ಮೇಲೇಳಲೇ ಇಲ್ಲ. ನಮ್ಮ ಬುದ್ಧಿವಂತ ಏನು ಮಾಡಿದ? ಯಂತ್ರದ ಕಿವಿಯೇ ಮಂದವೆಂದುಕೊಂಡು, ಗೆರೆ ತುದಿ ಮುಟ್ಟುವವರೆಗೂ ಗುಂಡಿ ತಿರುಗಿಸಿದ.

"ನೋಡಕ್ಕಾ, ನೂರಕ್ಕೆ ನೂರು. ಇನ್ನಾದ್ರೂ ನಾಟಕ ನಿಲ್ಸು."

ಅಕ್ಕ ಪರದೆಯನ್ನೇ ನೋಡಿದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಮತ್ತೆಂದೂ ನೋವೆನ್ನಲಿಲ್ಲ. ನೋವೆಂದು ಬಿಟ್ಟಿದ್ದ ಬಟ್ಟೆ ಅಂಗಡಿಯ ಕೆಲಸಕ್ಕೆ, ದಿನವಿಡೀ ನಿಂತೇ ಇರಬೇಕಾದ ಕೆಲಸಕ್ಕೆ, ಮರಳಿ ಹೋದಳು. ಅದೂ ಯಂತ್ರದ ಗೆಲುವೇ ಎಂದು ತಮ್ಮ ಬೀಗಿದ.

ಬಣ್ಣ ಬಯಲಾದದ್ದು ಅವನು ಯಂತ್ರವನ್ನು ಆಸ್ಪತ್ರೆಗೆ ಒಯ್ದಾಗ. ಮಂಡಿ ಸವೆದು ಆಪರೇಷನ್ನಿಗೆ ಕಾದಿದ್ದ ಮುದುಕರೊಬ್ಬರನ್ನು ಡಾಕ್ಟರಮ್ಮ ಹಲಗೆ ಹತ್ತಿಸಿದರು: ನೂರಕ್ಕೆ ನೂರು. ಓಟದಲ್ಲಿ ಬಹುಮಾನ ಗೆದ್ದ ನರ್ಸ್ ಹತ್ತಿದಳು: ಗೆರೆ ಪರದೆ ದಾಟಿ ಮಾಯವಾಯಿತು.

"ಒಳ್ಳೆ ಮಂಡಿ ಅಂತ ಯಾರದನ್ನ ಇಟ್ಕೊಂಡ್ರಿ?" ಡಾಕ್ಟರಮ್ಮ ಕೇಳಿದರು.

"ನಮ್ಮಕ್ಕಂದು."

"ಅವರಿಗೆ ನೋವೇನೂ ಇಲ್ಲ ತಾನೇ?"

"ಇದೆ ಅಂತಿದ್ಲು... ಎಕ್ಸ್‌ರೇಲಿ ಏನೂ ಇರ್ಲಿಲ್ಲ."

ಬಾಯಿಂದ ಬಿದ್ದ ಮೇಲೆಯೇ ಆ ಮಾತು ಅವನ ಕಿವಿಗೆ ಬಿದ್ದದ್ದು. ಡಾಕ್ಟರಮ್ಮ ನಗಲಿಲ್ಲ, ಬೈಯಲೂ ಇಲ್ಲ. ನಾಲ್ಕು ಬೈದಿದ್ದರೆ ವಾಸಿಯಿತ್ತು. ನಾಚಿಕೆಯಿಂದ ಮುಖ ಎಲ್ಲಿಡಬೇಕೆಂದು ತಿಳಿಯದೆ, ಪಟ್ಟಿಗಳನ್ನು ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ.

ಅವನು ಮನೆ ಮುಟ್ಟಿದಾಗ ಅಕ್ಕ ಅಂಗಡಿಯಿಂದ ಬಂದು, ಗೋಡೆ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಇವನನ್ನು ಕಂಡದ್ದೇ ಗೋಡೆಯಿಂದ ಕೈ ತೆಗೆದು ನೆಟ್ಟಗೆ ನಿಂತಳು. ಅಲ್ಲೇ, ತಲೆ ಎತ್ತದೆ, ಎಲ್ಲವನ್ನೂ ಹೇಳಿದ.

"ಹಾಗಾದ್ರೆ ನೋವು ನಿಜವಾಗ್ಲೂ ಇತ್ತೇನೋ?"

"ಇತ್ತಕ್ಕಾ."

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಮುಖದ ತುಂಬ ನಗು. "ಸದ್ಯ! ಮೆಷಿನ್ನೇ ಹೇಳಿದ್ಮೇಲೆ ನಾನೇ ಸುಳ್ಳಿ ಅಂದ್ಕೊಂಡು, ದಿನಾ ನನ್ನನ್ನ ನಾನೇ ಬೈಕೋತಿದ್ದೆ ಕಣೋ."

ಅವನು ಕೈ ನೀಡಿದ. ಅದನ್ನು ಹಿಡಿದು ಏಳುವಾಗ ಅಕ್ಕ ಅವನೆದುರೇ "ಅಯ್ಯಮ್ಮಾ" ಎಂದು ಜೋರಾಗಿ ನರಳಿದಳು.