ನಬೀ ಸಾಬರು ನೆಟ್ಟಗೆ ಮಾಡಿದ ಜಾಲಿ

ಒಳ್ಳೆಯವರ ಜೊತೆ ಏಗುವುದು ಬಲು ಕಷ್ಟ ಸ್ವಾಮಿ. ಕೆಟ್ಟವರಾದರೆ ಬೈದು ಕೈತೊಳೆದುಕೊಳ್ಳಬಹುದು. ನಮ್ಮ ಮಾಮೂ, ಅಂದರೆ ತಾಯಿಯ ಅಣ್ಣ ನಬೀ ಸಾಬರು, ಶಿರಾದಲ್ಲಿ ಎತ್ತಿನ ಗಾಡಿ, ನೇಗಿಲು ಮಾಡುವವರು. ಅವರಷ್ಟು ಒಳ್ಳೆಯವರು ಇನ್ನೊಬ್ಬರಿಲ್ಲ, ಅದೇ ನನ್ನ ಗ್ರಹಚಾರ.

ಮಂಗಳೂರು ನಮ್ಮ ರಾಜ್ಯಕ್ಕೆ ಸೇರಿದ ಮಾರನೆಯ ವರ್ಷ ನಾನು ಅಲ್ಲಿ ಹಡಗು ಕಟ್ಟುವ ಮೇಸ್ತ್ರಿಯೊಬ್ಬರ ಕೈಕೆಳಗೆ ಸೇರಿದ್ದೆ. ಸರಕು ಸಾಗಿಸುವ ಹಾಯಿಹಡಗೊಂದರ ಮೂತಿಗೆ ನಾಲ್ಕು ಪಕ್ಕೆಲುಬು ಬೇಕಾಗಿತ್ತು. ಹಲಗೆಗಳನ್ನು ಒಳಗಿನಿಂದ ಬಿಗಿಹಿಡಿಯುವ ಮರ ಅದು, ಬೆಳೆಯುವಾಗಲೇ ಬಾಗಿರಬೇಕು. ನೆಟ್ಟಗಿನ ಮರವನ್ನು ಬಾಗಿದಂತೆ ಕೊಯ್ದರೆ ಅಲೆಯ ಪೆಟ್ಟಿಗೆ ಸೀಳುತ್ತದೆ. ನಮ್ಮ ಕಡೆ ಜಾಲಿ ಬೇಕಾದಷ್ಟು ಸೊಟ್ಟ ಬೆಳೆಯುತ್ತದೆ, ನಾನು ತರುತ್ತೇನೆ ಎಂದು ಬಾಯಿಬಿಟ್ಟೆ. ತಂದರೆ ಕೆಲಸದಲ್ಲಿರು, ಇಲ್ಲದಿದ್ದರೆ ಶಿರಾದಲ್ಲೇ ಇದ್ದುಬಿಡು ಎಂದರು ಮೇಸ್ತ್ರಿ.

ಊರಿಗೆ ಬಂದು, ನಿಡುಗಲ್ ಬೆಟ್ಟದ ತನಕ ಅಲೆದು, ಮೊಣಕೈಯಂತೆ ಬಾಗಿದ ನಾಲ್ಕು ಕೊಂಬೆ ಕಡಿಸಿ ಮಾಮೂ ಅಂಗಳದಲ್ಲಿ ಹಾಕಿದೆ. ಹಡಗಿಗೆ ಬೇಕು, ಜೋಪಾನ ಎಂದು ಹೇಳಿ ಲಾರಿ ಹುಡುಕಲು ಮಧುಗಿರಿಗೆ ಹೋದೆ. ಮಂಗಳೂರಿಗೆ ಹೋಗುವ ಕಡಲೆಕಾಯಿ ಲಾರಿಯೊಂದನ್ನು ಒಪ್ಪಿಸಿಕೊಂಡು ಬಂದು ನೋಡಿದರೆ ಅಂಗಳದಲ್ಲಿ ನಾಲ್ಕು ತುಂಡು ತೊಲೆ, ದಾರ ಹಿಡಿದ ಹಾಗೆ ನೆಟ್ಟಗೆ. ಮಾಮೂ ಮರ ಕೆತ್ತುವ ಬಾಚಿಯನ್ನು ಒರೆಸುತ್ತಾ ನಗುತ್ತಿದ್ದರು.

"ಸೊಟ್ಟ ಎಲ್ಲಾ ತೆಗ್ದುಬುಟ್ಟೆ ಕಣ್ಲಾ ಫಜಲು. ಶಿರಾದೋರಿಗೆ ಮರ ನೆಟ್ಟಗೆ ಮಾಡಾಕ್ ಬರಾಕಿಲ್ಲ ಅಂತ ಸಮುದ್ರದೋರು ಆಡ್ಕೋಬಾರ್ದು."

ತಲೆ ಕೆಟ್ಟುಹೋಯಿತು. "ಬಾಗಿದ ತುಂಡು ಎಲ್ಲಿ ಮಾಮೂ?"

ಅವರ ಹೆಂಡತಿ ಖಾಜಾಬಿ ಒಲೆಯ ಕಡೆ ಕೈ ತೋರಿಸಿದರು. "ನಿಂಗೇ ಅಂತ ಪಲಾವ್ ಮಾಡೀನಿ ಬೇಟಾ. ಹಸಿ ಸೌದೆ, ಊದಿ ಊದಿ ಸಾಕಾತು."

ಹಣೆ ಚಚ್ಚಿಕೊಂಡೆ. "ನಾನು ಕಡಿಸಿದ್ದೇ ಆ ಸೊಟ್ಟಕ್ಕೆ. ನೇಗ್ಲಿಗೆ ನೀವು ಬಾಗಿದ ಮರಾನೇ ಹುಡುಕ್ತೀರಲ್ಲ, ಯಾಕೆ?"

"ನೆಟ್ಟಗಿರೋ ಮರ ಕೆತ್ತಿದ್ರೆ ಎಳೆ ಕಡ್ದೋಗಿ ಮುರ್ದೋಯ್ತದೆ..." ಮಾಮೂ ಅರ್ಧಕ್ಕೇ ನಿಲ್ಲಿಸಿ ತೊಲೆಗಳನ್ನು ನೋಡಿದರು. "ನೇಗ್ಲಿನಂಗೆ ಅಂತ ಮೊದ್ಲೇ ಅನ್ಬಾರ್ದಾಗಿತ್ತೇನ್ಲಾ? ಹಡಗು ಅಂದೆ, ದೊಡ್ಡೋರ ವಸ್ತು ಅನ್ಕಂಡೆ."

ನೋಡಿ, ಕೊನೆಗೆ ತಪ್ಪು ನನ್ನ ತಲೆಗೇ ಬಂತು.

ಹೊರಗೆ ಲಾರಿಯವನು ಹಾರನ್ ಒತ್ತುತ್ತಲೇ ಇದ್ದ. ಮತ್ತೆ ನಿಡುಗಲ್ಲಿಗೆ ಹೋಗಿಬರುವಷ್ಟು ಹೊತ್ತು ಅವನು ಕಾಯುವವನಲ್ಲ. ಮಾಮೂ ಕೊಡಲಿ ಹಿಡಿದು ಮನೆ ಮುಂದಿನ ಮುದಿ ಜಾಲಿಯ ಹತ್ತಿರ ಹೋದರು. ಅದರ ನೆರಳಲ್ಲೇ ಅವರು ಹುಡುಗರಾಗಿದ್ದಾಗಿನಿಂದ ಗಾಲಿ ಮಾಡಿದ್ದು.

"ಅದು ಬೇಡ ಮಾಮೂ."

"ಸುಮ್ನಿರ್ಲಾ. ನಿನ್ ಕೆಲ್ಸ ಹೋಯ್ತದೆ."

ಮರ ಬೋಳಾಯಿತು, ನಾಲ್ಕು ಬಾಗಿದ ಕೊಂಬೆ ಲಾರಿ ಏರಿದವು. ಕೊನೆಯದರಲ್ಲೊಂದು ಗಂಟು ಕಂಡು ಅವರ ಕೈ ಬಾಚಿಯ ಕಡೆ ಹೋಯಿತು. ಕೈ ಹಿಡಿದುಕೊಂಡು ದಮ್ಮಯ್ಯ ಅಂದೆ.

ಲಾರಿ ಹೊರಟ ಮೇಲೆ ತಿರುಗಿ ನೋಡಿದೆ. ಮಾಮೂ ತಲೆಗೆ ಟವೆಲ್ ಹಾಕಿಕೊಂಡು ಎಂದಿನ ಜಾಗದಲ್ಲೇ, ಉರಿಬಿಸಿಲಲ್ಲಿ, ಗಾಲಿ ಮುಂದಿಟ್ಟುಕೊಂಡು ಕೂತಿದ್ದರು. ನಾಲ್ಕು ಹೆಜ್ಜೆ ಸರಿದು ಗೋಡೆಯ ನೆರಳಿಗೆ ಕೂರುವಷ್ಟು ಬುದ್ಧಿಯೂ ಇಲ್ಲವಲ್ಲ ಈ ಮನುಷ್ಯನಿಗೆ ಎಂದು ಬೈಯುತ್ತಲೇ ಅತ್ತುಬಿಟ್ಟೆ.