ಅಕ್ಕನಿಗಾಗಿ ಆರಿಸಿದ ಪುಸ್ತಕ

ಊರಿಗೆಲ್ಲ ಅವಳು ಟೈಲರಮ್ಮ; ಅಕ್ಕನಿಗೆ ಮಾತ್ರ ಐವತ್ತು ದಾಟಿದ ಮೇಲೂ ಪುಟ್ಟಿ. ಅಕ್ಕ ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಭೂಗೋಳ ಪಾಠ ಮಾಡಿದವಳು. ಗೋಡೆಗೆ ನಕ್ಷೆ ತೂಗುಹಾಕಿ ಸಾವಿರಾರು ಮಕ್ಕಳಿಗೆ ಜಗತ್ತು ಸುತ್ತಿಸಿದ್ದಳು, ತಾನು ಮಾತ್ರ ಗಡಿಯಾಚೆ ಕಾಲಿಟ್ಟಿರಲಿಲ್ಲ. ಪಠ್ಯಪುಸ್ತಕದಲ್ಲಿ ಒಂದು ಚಿತ್ರವಿತ್ತು: ಪರದೇಶದ ಹಳೆಯ ಗ್ರಂಥಾಲಯವೊಂದರಲ್ಲಿ ಎರಡಾಳೆತ್ತರದ ಗ್ಲೋಬು. ಅದನ್ನು ಕಣ್ಣಾರೆ ನೋಡಬೇಕೆನ್ನುವುದು ಅಕ್ಕನ ಬಹುದಿನದ ಆಸೆ.

ಅಕ್ಕ ನಿವೃತ್ತಳಾದ ವರ್ಷ ಇಬ್ಬರೂ ಹೊರಡುವುದೆಂದು ನಿಶ್ಚಯವಾಯಿತು. ಟಿಕೆಟ್ಟು, ವೀಸಾ ಎಲ್ಲ ಅಕ್ಕನೇ ನೋಡಿಕೊಂಡಳು. ದಾರಿ ತೋರಿಸುವ ಪುಸ್ತಕವನ್ನು ಮಾತ್ರ ನೀನೇ ಆರಿಸು ಎಂದಳು. ಓದು ಅರ್ಧಕ್ಕೆ ಬಿಟ್ಟ ತಂಗಿಗೆ ಟೀಚರ್ ಅಕ್ಕ ಪುಸ್ತಕ ಆರಿಸಲು ಹೇಳುವುದೆಂದರೆ ಸಣ್ಣ ಮಾತೇ? ಟೈಲರಮ್ಮನ ಕಾಲು ಅವತ್ತು ನೆಲದ ಮೇಲೆ ನಿಲ್ಲಲಿಲ್ಲ.

ಪುಸ್ತಕದಂಗಡಿಯಾತ ಕನ್ನಡಕವನ್ನು ಮೂಗಿನ ತುದಿಗಿಳಿಸಿಕೊಂಡು ಎರಡು ಪುಸ್ತಕ ಮುಂದಿಟ್ಟ. ಒಂದು ತೆಳ್ಳಗಿನದು, ಬಣ್ಣಗೆಟ್ಟದ್ದು. ಯಾವ ಕಟ್ಟಡಕ್ಕೆ ಎಷ್ಟು ಮೆಟ್ಟಿಲು, ಎಲ್ಲಿ ಕೂರಲು ಬೆಂಚು, ಯಾವ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂಬುದೇ ಅದರ ತುಂಬ. ಇನ್ನೊಂದು ದಪ್ಪನೆಯದು, ಪುಟಪುಟಕ್ಕೂ ಮಿರಿಮಿರಿ ಚಿತ್ರ. ಟೈಲರಮ್ಮ ಬಟ್ಟೆ ನೋಡುವ ಹಾಗೆ ಎರಡರ ಹಾಳೆಯನ್ನೂ ಬೆರಳ ನಡುವೆ ಉಜ್ಜಿ ನೋಡಿದಳು. ದಪ್ಪ ಪುಸ್ತಕದ್ದು ರೇಷ್ಮೆಯಂತೆ ಜಾರಿತು.

"ನಿಮ್ಮ ಜೊತೆ ಬರೋರು ಹೇಗೆ ನಡೀತಾರಮ್ಮ?" ಎಂದು ಅಂಗಡಿಯಾತ ಕೇಳಿದ.

ಎರಡು ವರ್ಷದಿಂದ ಅಕ್ಕನಿಗೆ ಮೊಣಕಾಲು ನೋವು. ಬಸ್ಸು ಹತ್ತಲು ತಂಗಿಯ ಭುಜ ಬೇಕು. ಆದರೆ ಯಾರೋ ಹೊರಗಿನವನು ಅಕ್ಕನನ್ನು ಕೈಲಾಗದವಳೆಂದು ಎಣಿಸುವುದು ಅವಳಿಗೆ ಹಿಡಿಸಲಿಲ್ಲ.

"ನಮ್ಮಕ್ಕ ನನಗಿಂತ ಚೆನ್ನಾಗಿ ನಡೀತಾಳೆ," ಎಂದಳು.

ಆತ ತೆಳ್ಳಗಿನದನ್ನು ಒಳಗಿಟ್ಟು ದಪ್ಪ ಪುಸ್ತಕವನ್ನೇ ಕಟ್ಟಿಕೊಟ್ಟ. ಅಕ್ಕನಿಗೂ ಚಿತ್ರಗಳು ಮೆಚ್ಚುಗೆಯಾದವು. ತೂಕ ನೋಡಿ, ವಿಮಾನದಲ್ಲಿ ಇದಕ್ಕೇ ಒಂದು ಸೀಟು ಬೇಕೇನೋ ಎಂದು ನಕ್ಕಳು.

ಪ್ರವಾಸದ ಐದನೆಯ ದಿನ ಆ ಗ್ರಂಥಾಲಯಕ್ಕೆ ಹೋದರು. ಗ್ಲೋಬು ಇದ್ದದ್ದು ಮೇಲಿನ ಮಹಡಿಯಲ್ಲಿ; ಬಾಗಿಲು ದಾಟುತ್ತಲೇ ಸುರುಳಿ ಮೆಟ್ಟಿಲು. ಅದರ ಚಿತ್ರ ಪುಸ್ತಕದಲ್ಲಿ ಅರ್ಧ ಪುಟ ಇತ್ತು. ಎಷ್ಟು ಮೆಟ್ಟಿಲೆಂದು ಮಾತ್ರ ಬರೆದಿರಲಿಲ್ಲ. ಅಕ್ಕ ಹನ್ನೊಂದು ಹತ್ತಿ, ಕಂಬಿ ಹಿಡಿದು ನಿಂತುಬಿಟ್ಟಳು. ಮುಖ ಬಿಳುಚಿಕೊಂಡಿತ್ತು. ತಂಗಿ ಮೆಲ್ಲಗೆ ಇಳಿಸಿ ಬೆಂಚಿನ ಮೇಲೆ ಕೂರಿಸಿದಳು.

"ನೀನು ಹೋಗಿ ನೋಡ್ಕೊಂಡು ಬಾ ಪುಟ್ಟಿ. ಬಂದು ನನಗೆ ಹೇಳು," ಎಂದಳು ಅಕ್ಕ.

ತಂಗಿ ಒಲ್ಲೆನೆಂದರೂ ಅಕ್ಕ ಬಿಡಲಿಲ್ಲ. ಒಬ್ಬಳೇ ಹತ್ತಿದಳು. ಗ್ಲೋಬು ನಿಜಕ್ಕೂ ಎರಡಾಳೆತ್ತರ. ಸಮುದ್ರದ ನೀಲಿ ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು. ಏನು ನೋಡಬೇಕು, ಯಾವುದು ಮುಖ್ಯ, ಒಂದೂ ತಿಳಿಯಲಿಲ್ಲ. ಅಲ್ಲಿ ಪೆಚ್ಚಾಗಿ ನಿಂತಿದ್ದಾಗ ಪಕ್ಕದ ಗೋಡೆಯಲ್ಲೊಂದು ಬಾಗಿಲು ಸರಿಯಿತು. ಊರುಗೋಲು ಹಿಡಿದ ಮುದುಕರೊಬ್ಬರು ಹೆಂಡತಿಯ ಜೊತೆ ಲಿಫ್ಟಿನಿಂದ ಹೊರಬಂದರು. ಹೆಂಡತಿಯ ಕೈಯಲ್ಲಿ ಆ ತೆಳ್ಳಗಿನ ಪುಸ್ತಕವಿತ್ತು.

ಅಕ್ಕನನ್ನು ಕರೆತರಲು ತಂಗಿ ಅದೇ ಲಿಫ್ಟಿನಲ್ಲಿ ಇಳಿದಳು. ಅದು ಹಿತ್ತಲಿನ ಅಂಗಳಕ್ಕೆ ತಂದುಬಿಟ್ಟಿತು. ಕಟ್ಟಡವನ್ನು ಸುತ್ತಿ ಓಡಿಬರುವಷ್ಟರಲ್ಲಿ ಮುಚ್ಚುವ ಗಂಟೆ ಹೊಡೆಯಿತು. ಮಧ್ಯಾಹ್ನಕ್ಕೇ ಬಾಗಿಲು ಹಾಕುವ ದಿನವಂತೆ ಅದು. ಮರುದಿನ ಬೆಳಿಗ್ಗೆ ಬೇರೆ ಊರಿಗೆ ರೈಲು.

ಲಿಫ್ಟಿನ ಮಾತು ಅವಳ ಬಾಯಿಗೆ ಬರಲಿಲ್ಲ. ತುಂಬ ದೊಡ್ಡದು, ಚೆನ್ನಾಗಿದೆ ಎಂದಷ್ಟೇ ಹೇಳಿದಳು. ದಕ್ಷಿಣದ ಕಡೆ ನೆಲವನ್ನು ಹೇಗೆ ಬರೆದಿದ್ದಾರೆ, ಗೊತ್ತಿಲ್ಲದ ಜಾಗವನ್ನು ಖಾಲಿ ಬಿಟ್ಟಿದ್ದಾರೆಯೇ ಎಂದು ಅಕ್ಕ ಚಿಕ್ಕ ಹುಡುಗಿಯಂತೆ ಕೇಳುತ್ತಲೇ ಇದ್ದಳು. ತಂಗಿ ದಪ್ಪ ಪುಸ್ತಕದ ಪುಟ ಮಗುಚುತ್ತ ಅದರಲ್ಲೇ ಹುಡುಕಿದಳು.

ಊರಿಗೆ ಮರಳಿ ಆರು ತಿಂಗಳಾದ ಮೇಲೆ, ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ ಕೂತಿದ್ದ ಒಂದು ಮಧ್ಯಾಹ್ನ, ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟಳು. ಅಂಗಡಿಯಲ್ಲಿ ಆಡಿದ ಸುಳ್ಳನ್ನೂ.

ಅಕ್ಕ ಮೊಣಕಾಲು ನೀವಿಕೊಂಡಳು. "ಲಿಫ್ಟ್ ಇದೆ ಅಂತ ನನಗೂ ಗೊತ್ತಾಗಿತ್ತು ಕಣೆ. ಕಾವಲಿನವನು ಕೈಸನ್ನೆ ಮಾಡಿ ತೋರಿಸಿದ್ದ. ನೀನು ಇಳಿದು ಬಂದಾಗ ನಾನು ಕಾಣದಿದ್ರೆ ಗಾಬರಿಯಾಗ್ತೀಯ ಅಂತ ಅಲ್ಲೇ ಕೂತೆ."

"ಮತ್ತೆ ಇಂಥ ಪುಸ್ತಕ ತಂದದ್ದಕ್ಕೆ ಬೈಲಿಲ್ಲ ಯಾಕೆ?"

"ಬೈದಿದ್ರೆ ಗ್ಲೋಬು ಕೆಳಗೆ ಇಳಿದು ಬರ್ತಿತ್ತಾ?"

ಅಕ್ಕ ನಕ್ಕಳು, ತಂಗಿಗೆ ನಗು ಬರಲಿಲ್ಲ. ಮತ್ತೆ ಹೋಗೋಣ ಎಂದು ಎಷ್ಟೋ ಸಲ ಅಂದಳು. ಅಕ್ಕ ಹೂಂ ಎನ್ನುತ್ತಿದ್ದಳು. ಅಷ್ಟರಲ್ಲಿ ಇನ್ನೊಂದು ಮೊಣಕಾಲೂ ಹಿಡಿದುಕೊಂಡು, ಎದುರು ಮನೆಗೆ ಹೋಗಿಬರುವುದೇ ಅವಳಿಗೆ ದೊಡ್ಡ ಪ್ರಯಾಣವಾಯಿತು. ಅಕ್ಕ ಒಮ್ಮೆಯೂ ದೂರಲಿಲ್ಲ. ದೂರಿದ್ದರೆ ತಂಗಿ ಎದುರಾಡಿ, ಅತ್ತು, ಹಗುರಾಗಬಹುದಿತ್ತು. ಅವಳ ಪಾಲಿಗೆ ಅದೂ ಇರಲಿಲ್ಲ.